ಓಕ್ಲೆಂಡ್‌ನಲ್ಲಿ ಏಸ್ ಕೊನೆಯ ವಾರ: ಯಾರು ಹೋಗ್ತೀರಿ, ಯಾರು ಹೋಗಲ್ಲ?

ಬೆಣ್ಣೆನಗರಿ · ಸೆಪ್ಟೆಂಬರ್ 17, 2024

ಬೇ ಏರಿಯಾದಲ್ಲಿ ಬೇಸ್‌ಬಾಲ್ ಹುಚ್ಚಿನ ಕನ್ನಡಿಗರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ಇದ್ದರೆ ಕೈ ಎತ್ತಿ. ಓಕ್ಲೆಂಡ್ ಅಥ್ಲೆಟಿಕ್ಸ್, ಅಂದರೆ ನಮ್ಮ ಏಸ್, ಈ ಶುಕ್ರವಾರದಿಂದ ತಮ್ಮ ಸ್ಟೇಡಿಯಂ ಕೊಲಿಸಿಯಂನಲ್ಲಿ ಕೊನೆಯ ಆರು ಮ್ಯಾಚ್ ಆಡುತ್ತಾರೆ. 20ರಿಂದ 22ರವರೆಗೆ ಯಾಂಕೀಸ್ ಎದುರು, 24ರಿಂದ 26ರವರೆಗೆ ಟೆಕ್ಸಸ್ ರೇಂಜರ್ಸ್ ಎದುರು. ಆಮೇಲೆ ಸಿಯಾಟಲ್‌ಗೆ ಹೋಗಿ ಮೂರು ಮ್ಯಾಚ್ ಆಡಿದರೆ ಸೀಸನ್ ಮುಗಿಯಿತು. 1968ರಿಂದ ಈ ಊರಲ್ಲಿದ್ದ ತಂಡ ಊರು ಬಿಡುತ್ತದೆ. ಮುಂದಿನ ವರ್ಷದಿಂದ ವೆಸ್ಟ್ ಸ್ಯಾಕ್ರಮೆಂಟೊದ ಸಣ್ಣ ಸ್ಟೇಡಿಯಂ, 2028ಕ್ಕೆ ಲಾಸ್ ವೇಗಸ್ ಅನ್ನುತ್ತಿದ್ದಾರೆ.

ಅಂಕಪಟ್ಟಿ ನೋಡಿದರೆ ಈ ಮ್ಯಾಚ್‌ಗಳಿಂದ ಏಸ್‌ಗೆ ಆಗಬೇಕಾದ್ದು ಏನೂ ಇಲ್ಲ. ಪ್ಲೇಆಫ್ ಆಸೆ ಹೋಗಿ ಎಷ್ಟೋ ದಿನ ಆಯಿತು. ಹೋದ ವರ್ಷದ ಚಾಂಪಿಯನ್ ರೇಂಜರ್ಸ್ ಕೂಡ ಈ ಸಲ ಹೆಚ್ಚುಕಮ್ಮಿ ಮನೆಗೇ.

ಆದರೂ ನನಗೆ ಸೆಪ್ಟೆಂಬರ್ ಮ್ಯಾಚ್‌ಗಳೇ ಇಷ್ಟ. ಏಪ್ರಿಲ್‌ನಲ್ಲಿ ಎಲ್ಲರ ತಲೆಯಲ್ಲೂ ಲೆಕ್ಕಾಚಾರ. ಸೆಪ್ಟೆಂಬರ್ ಒಂದರಿಂದ ತಂಡದಲ್ಲಿ 26ರ ಬದಲು 28 ಆಟಗಾರರು ಇರಬಹುದು. ಹಾಗಾಗಿ ಮೈನರ್ ಲೀಗ್‌ನಿಂದ, ಅಂದರೆ ಕೆಳಗಿನ ಹಂತದ ತಂಡಗಳಿಂದ, ಹುಡುಗರು ಬರುತ್ತಾರೆ. ಆ ಹುಡುಗನಿಗೆ ಮುಂದಿನ ವರ್ಷದ ಕೆಲಸ ಉಳಿಯುತ್ತೋ ಇಲ್ಲವೋ ಅನ್ನೋದು ಈ ಹತ್ತು ದಿನದಲ್ಲೇ ತೀರ್ಮಾನ. ಔಟ್ ಆಗೋದು ಖಾತ್ರಿ ಇದ್ದರೂ ಫಸ್ಟ್ ಬೇಸ್‌ವರೆಗೆ ಉಸಿರು ಬಿಗಿಹಿಡಿದು ಓಡುತ್ತಾನೆ. ಪಕ್ಕದಲ್ಲೇ ಹತ್ತು ವರ್ಷ ಆಡಿ ಸವೆದ ಒಬ್ಬ ಹಿರಿಯ ಇರುತ್ತಾನೆ. ಇದು ತನ್ನ ಕೊನೆಯ ವಾರ ಅಂತ ಅವನಿಗೆ ಗೊತ್ತು, ನೋಡುವವರಿಗೂ ಗೊತ್ತು. ಗೆಲುವಿನ ಗಲಾಟೆ ಇಲ್ಲದಾಗಲೇ ಇವೆಲ್ಲ ಕಣ್ಣಿಗೆ ಬೀಳೋದು.

26ರ ಗುರುವಾರ ಮಧ್ಯಾಹ್ನದ ಮ್ಯಾಚೇ ಕೊನೆಯದು. ನಾನು ರಜೆ ಹಾಕಿದ್ದೇನೆ. ಮೇಲಿನ ಡೆಕ್‌ನ ಟಿಕೆಟ್ ಸಿಕ್ಕಿದೆ. ಯಾರು ಬರ್ತೀರಿ?

ಡಬ್ಲಿನ್_ದೋಸೆ · ಸೆಪ್ಟೆಂಬರ್ 17, 2024

ನಾನು ಬರಲ್ಲ. ನೀವೂ ಹೋಗಬೇಡಿ ಅಂತಲೇ ಹೇಳುತ್ತೇನೆ. ಬೇಜಾರಾಗಬೇಡಿ ಸರ್.

ಮಾಲೀಕ ಜಾನ್ ಫಿಶರ್ ಅವರು ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದವರ ಮಗ. ದುಡ್ಡಿಗೆ ಬರ ಇಲ್ಲ. ಆದರೂ ಈ ವರ್ಷ ಇಡೀ ಲೀಗ್‌ನಲ್ಲಿ ಆಟಗಾರರ ಸಂಬಳಕ್ಕೆ ಎಲ್ಲರಿಗಿಂತ ಕಡಿಮೆ ಖರ್ಚು ಮಾಡಿದ ತಂಡ ನಮ್ಮದು. ಒಳ್ಳೆ ಆಟಗಾರರನ್ನು ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಸಾಗಿಸಿದರು. ಟಿಕೆಟ್ ದರ ಏರಿಸಿದರು. 2023ರಲ್ಲಿ 112 ಮ್ಯಾಚ್ ಸೋತೆವು. ಆಮೇಲೆ ಜನ ಬರುತ್ತಿಲ್ಲ ಅಂತ ಊರಿನ ಮೇಲೇ ದೂರು. ಜನ ಯಾಕೆ ಬರಬೇಕು ಹೇಳಿ?

ಹೋವರ್ಡ್ ಟರ್ಮಿನಲ್‌ನಲ್ಲಿ ನೀರಿನ ಪಕ್ಕ ಹೊಸ ಸ್ಟೇಡಿಯಂ ಅಂತ ವರ್ಷಗಟ್ಟಲೆ ಮಾತುಕತೆ ನಡೆಯಿತು. 2023ರ ಏಪ್ರಿಲ್‌ನಲ್ಲಿ ನೋಡಿದರೆ ವೇಗಸ್‌ನಲ್ಲಿ ಜಾಗ ನೋಡಿದ್ದೇವೆ ಅಂದರು. ನೆವಾಡಾ ರಾಜ್ಯ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡಲು ಒಪ್ಪಿತು. ನವೆಂಬರ್‌ನಲ್ಲಿ ಮೂವತ್ತು ತಂಡಗಳ ಮಾಲೀಕರೂ ತಂಡ ವೇಗಸ್‌ಗೆ ಹೋಗಲಿ ಅಂತ ಒಂದೇ ಸಮ ಕೈ ಎತ್ತಿದರು.

ನಾನು ಕೊನೆಯ ಸಲ ಹೋಗಿದ್ದು 2023ರ ಜೂನ್ 13ಕ್ಕೆ. ಅಭಿಮಾನಿಗಳೇ ಸೇರಿ ಉಲ್ಟಾ ಬಹಿಷ್ಕಾರ ಮಾಡಿದ ದಿನ. ಖಾಲಿ ಇರುವ ಬದಲು ತುಂಬಿಸಿ ತೋರಿಸೋಣ ಅಂತ. 27,759 ಜನ ಬಂದಿದ್ದರು. ಎಲ್ಲೆಲ್ಲೂ 'ಸೆಲ್' ಅಂತ ಬರೆದ ಹಸಿರು ಟಿ-ಶರ್ಟ್. ಐದನೇ ಇನಿಂಗ್ಸ್ ಶುರುವಾದಾಗ ಮೊದಲ ಬ್ಯಾಟರ್ ಮುಗಿಯುವ ತನಕ ಎಲ್ಲರೂ ಸುಮ್ಮನಿದ್ದರು. ಆಮೇಲೆ ತಂಡ ಮಾರು, ತಂಡ ಮಾರು ಅಂತ ಕೂಗಿದ್ದು ಹೈವೇಗೆ ಕೇಳಿಸಿರಬೇಕು. ಟಾಂಪಾ ಬೇ ವಿರುದ್ಧ 2-1ರಲ್ಲಿ ಗೆದ್ದೆವು ಬೇರೆ. ನನ್ನ ಪಾಲಿಗೆ ಅದೇ ವಿದಾಯ. ಇನ್ನು ಒಂದು ಡಾಲರ್ ಕೂಡ ಕೊಡಲ್ಲ.

ಅರಸೀಕೆರೆ_ಜಂಕ್ಷನ್ · ಸೆಪ್ಟೆಂಬರ್ 18, 2024

ನಾನು ಸ್ಯಾನ್ ಹೋಸೆಗೆ ಬಂದು ಸ್ವಲ್ಪ ದಿನ ಆಯಿತು ಅಷ್ಟೇ. ಕ್ರಿಕೆಟ್ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಒಂದು ತಂಡ ವರ್ಷಕ್ಕೆ 162 ಮ್ಯಾಚ್ ಆಡುತ್ತೆ ಅಂದರೆ ಯಾರಿಗಾದರೂ ಒಂದು ಮ್ಯಾಚ್ ಮೇಲೆ ಆಸಕ್ತಿ ಹೇಗೆ ಉಳಿಯುತ್ತೆ? ಈ ಮ್ಯಾಜಿಕ್ ನಂಬರ್ ಅಂತ ಟಿವಿಯಲ್ಲಿ ತೋರಿಸುತ್ತಾರಲ್ಲ, ಅದು ಏನು? ಮೊದಲ ಸಲ ನೋಡುವವನು ಹೀಗೆ ಕೊನೆಯ ವಾರಕ್ಕೆ ಹೋಗಬಹುದಾ, ಇಲ್ಲಾ ಸಾವಿನ ಮನೆಗೆ ಪರಿಚಯ ಇಲ್ಲದವನು ಹೋದ ಹಾಗೆ ಆಗುತ್ತಾ?

ಬೆಣ್ಣೆನಗರಿ · ಸೆಪ್ಟೆಂಬರ್ 18, 2024

ಖಂಡಿತ ಬನ್ನಿ. ಪರಿಚಯ ಅಲ್ಲೇ ಆಗುತ್ತೆ.

ಮ್ಯಾಜಿಕ್ ನಂಬರ್ ಸುಲಭ. 163ರಲ್ಲಿ ಮುಂದಿರುವ ತಂಡದ ಗೆಲುವುಗಳನ್ನು ಕಳೆಯಿರಿ. ಎರಡನೇ ಸ್ಥಾನದಲ್ಲಿರುವ ತಂಡದ ಸೋಲುಗಳನ್ನೂ ಕಳೆಯಿರಿ. ಮುಂದಿನವರು 90 ಗೆದ್ದು ಹಿಂದಿನವರು 70 ಸೋತಿದ್ದರೆ ಉಳಿಯೋದು 3. ಇವರು ಒಂದು ಗೆದ್ದರೆ ಒಂದು ಇಳಿಯಿತು, ಅವರು ಒಂದು ಸೋತರೂ ಒಂದು ಇಳಿಯಿತು. ಸೊನ್ನೆ ಆದರೆ ಡಿವಿಷನ್, ಅಂದರೆ ಲೀಗ್‌ನೊಳಗಿನ ಆ ಗುಂಪಿನ ಮೊದಲ ಸ್ಥಾನ, ಇವರದು. ಒಂದೊಂದು ಲೀಗ್‌ನಿಂದ ಆರು ತಂಡ ಪ್ಲೇಆಫ್‌ಗೆ ಹೋಗುತ್ತವೆ. ನಮಗೆ ಈ ಲೆಕ್ಕ ಬೇಕಾಗಿಲ್ಲ ಬಿಡಿ.

162 ಯಾಕೆ ಅಂದರೆ, ಬೇಸ್‌ಬಾಲ್ ದಿನಾ ನಡೆಯುವ ಆಟ. ಅತಿ ಒಳ್ಳೆ ತಂಡವೂ ವರ್ಷಕ್ಕೆ ಅರವತ್ತು ಸಲ ಸೋಲುತ್ತೆ. ಮೂರು ಸಲಕ್ಕೆ ಒಂದು ಹಿಟ್ ಹೊಡೆಯುವವನು ದೊಡ್ಡ ಬ್ಯಾಟರ್. ಹಾಗಾಗಿ ಇವತ್ತಿನ ಸೋಲನ್ನು ಯಾರೂ ಮನಸ್ಸಿಗೆ ಜಾಸ್ತಿ ಹಚ್ಚಿಕೊಳ್ಳಲ್ಲ. ನಾಳೆ ಮತ್ತೆ ಆಟ ಇದೆಯಲ್ಲ. ಅದಕ್ಕೇ ನಾಳೆ ಇಲ್ಲ ಅನ್ನುವ ಈ ವಾರ ವಿಚಿತ್ರವಾಗಿದೆ.

ಬಾರ್ಟ್ ರೈಲಿನಲ್ಲಿ ಬನ್ನಿ. ಕೊಲಿಸಿಯಂ ಸ್ಟೇಷನ್‌ನಿಂದ ಸ್ಟೇಡಿಯಂಗೆ ನೇರ ಕಾಲುಸೇತುವೆ ಇದೆ. ಅದರ ಮೇಲೇ ಟೋಪಿ, ನೀರು, ಬೇಕನ್ ಸುತ್ತಿದ ಹಾಟ್ ಡಾಗ್ ಮಾರುವವರು ಸಾಲಾಗಿ ಇರುತ್ತಾರೆ. ಸಸ್ಯಾಹಾರಿ ಆದರೆ ಮನೆಯಲ್ಲೇ ತಿಂದು ಬರೋದು ಕ್ಷೇಮ. ಒಂದು ಸ್ಕೋರ್‌ಕಾರ್ಡ್, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಪ್ರತಿ ಜಾಗಕ್ಕೂ ಒಂದು ನಂಬರ್ ಇದೆ. ಚೆಂಡು ಎಸೆಯುವ ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಶಾರ್ಟ್‌ಸ್ಟಾಪ್ 6, ಹೀಗೆ. 6-4-3 ಅಂತ ಬರೆದರೆ ಡಬಲ್ ಪ್ಲೇ, ಅಂದರೆ ಒಂದೇ ಸಲಕ್ಕೆ ಇಬ್ಬರು ಔಟ್ ಆದ ಪೂರ್ತಿ ಕಥೆ ಅದರಲ್ಲೇ ಇರುತ್ತೆ. ಬರೆಯುತ್ತಾ ನೋಡಿದರೆ ಮೂರು ಇನಿಂಗ್ಸ್‌ನಲ್ಲಿ ಆಟ ಹಿಡಿತಕ್ಕೆ ಬರುತ್ತೆ.

@ಡಬ್ಲಿನ್_ದೋಸೆ, ಮಾಲೀಕರ ವಿಷಯದಲ್ಲಿ ನೀವು ಹೇಳಿದ್ದಕ್ಕೆ ಎದುರು ಮಾತಿಲ್ಲ. ಆದರೆ ನಾನು ಅವರನ್ನು ನೋಡೋಕೆ ಹೋಗುತ್ತಿಲ್ಲ.

ಡಬ್ಲಿನ್_ದೋಸೆ · ಸೆಪ್ಟೆಂಬರ್ 18, 2024

ನೀವು ಯಾರನ್ನು ನೋಡೋಕೆ ಹೋದರೂ ಟಿಕೆಟ್ ದುಡ್ಡು ಅವರಿಗೇ ಹೋಗೋದು.

ತುಂಗೆ_ತಟ · ಸೆಪ್ಟೆಂಬರ್ 18, 2024

ಇಬ್ಬರೂ ಒಂದು ವಿಷಯ ಮರೆತಿದ್ದೀರಿ. ಗೇಟಲ್ಲಿ ಟಿಕೆಟ್ ನೋಡುವವರು, ಸೀಟು ತೋರಿಸುವವರು, ಮೆಟ್ಟಿಲು ಹತ್ತಿ ಇಳಿದು ಕಡಲೆಕಾಯಿ ಮಾರುವವರು. ಎಷ್ಟೋ ಜನ ಇಪ್ಪತ್ತು ಮೂವತ್ತು ವರ್ಷದಿಂದ ಅಲ್ಲೇ ಇದ್ದಾರೆ. ನಮ್ಮ ಸೆಕ್ಷನ್‌ನ ಅಜ್ಜಿಯೊಬ್ಬರು ನನ್ನ ಮಗಳನ್ನು ಮೂರು ವರ್ಷದವಳಿದ್ದಾಗಿಂದ ನೋಡಿದ್ದಾರೆ. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ಅವರಿಗೆ ಹೋಗಿ ಬರುತ್ತೇವೆ ಅಂತ ಹೇಳದೆ ಮನೆಯಲ್ಲಿ ಕೂರೋದು ನನ್ನಿಂದ ಆಗಲ್ಲ. ಫಿಶರ್‌ಗೆ ನನ್ನ ಮೂವತ್ತು ನಲವತ್ತು ಡಾಲರ್ ಸಿಕ್ಕರೆ ಸಿಗಲಿ ಬಿಡಿ.

ಸೀಸನ್ ಕೊನೆ ಅಂದರೆ ನನಗೆ 2012ರ ಅಕ್ಟೋಬರ್ 3. 162ನೇ ಮ್ಯಾಚ್. ಆಗಲೂ ಎದುರಿಗೆ ರೇಂಜರ್ಸೇ. ಜೂನ್ ಮುಗಿದಾಗ ಏಸ್ ಮೊದಲ ಸ್ಥಾನದವರಿಗಿಂತ 13 ಮ್ಯಾಚ್ ಹಿಂದೆ. ಒಂಬತ್ತು ಮ್ಯಾಚ್ ಉಳಿದಾಗಲೂ ಐದು ಹಿಂದೆ. ಕೊನೆಯ ದಿನಕ್ಕೆ ಸಮ ಆದರು. ಆ ದಿನ 5-1ರಲ್ಲಿ ಹಿಂದೆ ಬಿದ್ದಾಗ ನಮ್ಮವರು ಮನೆಗೆ ಹೊರಡೋಣ ಅಂದರು. ನಾನು ಏಳಲಿಲ್ಲ. ನಾಲ್ಕನೇ ಇನಿಂಗ್ಸ್‌ನಲ್ಲಿ ಆರು ರನ್. 5-5 ಇದ್ದಾಗ ಜಾಶ್ ಹ್ಯಾಮಿಲ್ಟನ್ ಸೆಂಟರ್ ಫೀಲ್ಡ್‌ನಲ್ಲಿ ಸುಲಭದ ಕ್ಯಾಚ್ ಕೈಬಿಟ್ಟ. ನಮ್ಮ ಇಬ್ಬರು ಓಡಿ ಬಂದು ರನ್ ಮಾಡಿದರು. ಕೊನೆಗೆ 12-5. ಆ ವರ್ಷ ಪೂರ್ತಿ ಏಸ್ ಡಿವಿಷನ್‌ನಲ್ಲಿ ಒಬ್ಬರೇ ಮೊದಲ ಸ್ಥಾನಕ್ಕೆ ಬಂದಿದ್ದು ಆ ಒಂದೇ ದಿನ.

ಪಣಂಬೂರು_ಪೋರ · ಸೆಪ್ಟೆಂಬರ್ 20, 2024

ನಿಮ್ಮ ಶೋಕದ ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ ಮಾರಾಯ್ರೆ. ನಿನ್ನೆ ಮಯಾಮಿಯಲ್ಲಿ ಡಾಡ್ಜರ್ಸ್‌ನ ಒಟಾನಿ ಮಾಡಿದ್ದು ನೋಡಿದಿರಾ? ಆರಕ್ಕೆ ಆರು ಹಿಟ್, ಮೂರು ಹೋಮ್‌ರನ್, ಎರಡು ಸ್ಟೀಲ್ (ಕದ್ದ ಬೇಸ್), ಹತ್ತು ಆರ್‌ಬಿಐ (ಅವನ ಬ್ಯಾಟಿಂಗ್‌ನಿಂದ ಬಂದ ರನ್). ಒಂದೇ ಸೀಸನ್‌ನಲ್ಲಿ 50 ಹೋಮ್‌ರನ್ ಮತ್ತು 50 ಸ್ಟೀಲ್ ಇವನಿಗೆ ಮೊದಲು ಯಾರೂ ಮಾಡಿಲ್ಲ. ನಾನು ಆಫೀಸ್ ಮೀಟಿಂಗ್‌ನಲ್ಲಿ ಫೋನ್ ಅಡಗಿಸಿ ನೋಡುತ್ತಿದ್ದೆ.

ಬೆಣ್ಣೆನಗರಿ · ಸೆಪ್ಟೆಂಬರ್ 20, 2024

ನೋಡಿದೆ ಗುರು. ಮನುಷ್ಯ ಅಲ್ಲ ಅವನು. ಆದರೆ ಡಾಡ್ಜರ್ಸ್ ಹೆಸರು ಈ ಚರ್ಚೆಯಲ್ಲಿ ಇನ್ನೊಂದು ಸಲ ಬೇಡ.

ಚಿಕಾಗೋ_ಚಳಿ · ಸೆಪ್ಟೆಂಬರ್ 27, 2024

ನೀವೆಲ್ಲ ತಂಡ ಹೋಗುತ್ತಿದೆ ಅಂತ ಅಳುತ್ತಿದ್ದೀರಿ. ನಮ್ಮ ವೈಟ್ ಸಾಕ್ಸ್ ಇಲ್ಲೇ ಇದೆ, ಅದೇ ನಮ್ಮ ಕಷ್ಟ. 120 ಸೋಲು ಆಗಿದೆ. 1962ರಲ್ಲಿ ಮೆಟ್ಸ್ ತಂಡ ಬರೆದ ಆಧುನಿಕ ಕಾಲದ ಸೋಲಿನ ದಾಖಲೆಗೆ ಸಮ. ಈ ವಾರ ನಮ್ಮೂರಲ್ಲೇ ಏಂಜಲ್ಸ್ ವಿರುದ್ಧ ಮೂರು ಮ್ಯಾಚ್ ಇತ್ತು. 121ನೇ ಸೋಲು ಕಣ್ಣಾರೆ ನೋಡೋಣ ಅಂತಲೇ ಜನ ಟಿಕೆಟ್ ತೆಗೆದುಕೊಂಡರು. ನಾನೂ ಹೋದೆ. ವರ್ಷವಿಡೀ ಗೆಲ್ಲಲು ಬಾರದ ತಂಡ ಮೂರಕ್ಕೆ ಮೂರೂ ಗೆದ್ದು ಕೂತಿತು! ಸೋಲಲೂ ನೆಟ್ಟಗೆ ಬರಲ್ಲ. ಇವತ್ತು ರಾತ್ರಿ ಡೆಟ್ರಾಯ್ಟ್‌ನಲ್ಲಿ ಆಡುತ್ತಾರೆ.

ಅದಿರಲಿ, ನಿನ್ನೆ ಓಕ್ಲೆಂಡ್‌ನಲ್ಲಿ ಹೇಗಿತ್ತು? ಹೋದವರು ಬರೆಯಿರಿ.

ಬೆಣ್ಣೆನಗರಿ · ಸೆಪ್ಟೆಂಬರ್ 27, 2024

ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತೆ.

ಮಧ್ಯಾಹ್ನ ಹನ್ನೆರಡೂವರೆ ದಾಟಿ ಮ್ಯಾಚ್ ಶುರು. ಬೆಳಿಗ್ಗೆಯೇ ಪಾರ್ಕಿಂಗ್ ಲಾಟ್ ತುಂಬಾ ಗ್ರಿಲ್ ಹೊಗೆ. ಮೂರು ತಲೆಮಾರಿನವರು ಒಟ್ಟಿಗೆ ಬಂದಿದ್ದರು. ಅಜ್ಜನ ಮೈಮೇಲೆ 1972-74ರ ಕಾಲದ ಜರ್ಸಿ, ಮೊಮ್ಮಗನ ಮೈಮೇಲೆ ಈಗಿನ ಆಟಗಾರ ಬ್ರೆಂಟ್ ರೂಕರ್ ಜರ್ಸಿ. ಆ ಮೂರು ವರ್ಷವೂ ಏಸ್ ಸಾಲಾಗಿ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್, ಗೆದ್ದಿದ್ದರು, ಹೊಸಬರಿಗೆ ಗೊತ್ತಿರಲಿ. ಬಂದವರಿಗೆ ಕೊಲಿಸಿಯಂನ ಪುಟ್ಟ ಮಾದರಿ ಹಂಚಿದರು. ಬಿಟ್ಟುಹೋಗುವ ಕಟ್ಟಡದ ಗೊಂಬೆ ಕೊಟ್ಟು ಮನೆಗೆ ಕಳಿಸೋದು ಅಂದರೆ ಇದೇ.

ಕಟ್ಟಡ ಚೆನ್ನಾಗಿದೆ ಅಂತ ನಾನು ಸುಳ್ಳು ಹೇಳಲ್ಲ. 1966ರದ್ದು. ಬರೀ ಕಾಂಕ್ರೀಟ್. ಒಂದೊಂದು ವರ್ಷ ಡ್ರೆಸಿಂಗ್ ರೂಮಿಗೆ ಚರಂಡಿ ನೀರು ನುಗ್ಗಿತ್ತು. ರೇಡರ್ಸ್ ಫುಟ್‌ಬಾಲ್ ತಂಡ ವಾಪಸ್ ಬಂದಾಗ ಅವರಿಗಾಗಿ ಸೆಂಟರ್ ಫೀಲ್ಡ್ ಹಿಂದೆ ದೊಡ್ಡ ಸ್ಟ್ಯಾಂಡ್ ಎಬ್ಬಿಸಿದರು. ಅಲ್ಲಿಯವರೆಗೆ ಕಾಣುತ್ತಿದ್ದ ಗುಡ್ಡಗಳೆಲ್ಲ ಮರೆಯಾದವು. ಆ ರೇಡರ್ಸೂ ವೇಗಸ್‌ಗೆ ಹೋದರು. ಬಾಸ್ಕೆಟ್‌ಬಾಲ್‌ನ ವಾರಿಯರ್ಸ್ 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ದಾಟಿದರು. ಈಗ ಇವರು. ಐದು ವರ್ಷದಲ್ಲಿ ಮೂರು ತಂಡ ಕಳೆದುಕೊಂಡ ಊರು.

ಬ್ಯಾರಿ ಝೀಟೊ ರಾಷ್ಟ್ರಗೀತೆ ಹಾಡಿದರು. 2002ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ ನಮ್ಮ ಎಡಗೈ ಪಿಚರ್ ಹಾಡುತ್ತಾರೆ ಅಂತ ಗೊತ್ತಿತ್ತು, ಇಷ್ಟು ಚೆನ್ನಾಗಿ ಹಾಡುತ್ತಾರೆ ಅಂತ ಗೊತ್ತಿರಲಿಲ್ಲ. ಮೊದಲ ಚೆಂಡು ಎಸೆಯಲು ಏಸ್‌ನ ಹಳೆಯ ಆಟಗಾರರಾದ ರಿಕಿ ಹೆಂಡರ್ಸನ್ ಮತ್ತು ಡೇವ್ ಸ್ಟುವರ್ಟ್ ಬಂದರು. ಇಬ್ಬರೂ ಓಕ್ಲೆಂಡ್‌ನಲ್ಲೇ ಬೆಳೆದವರು. ರಿಕಿಯನ್ನು ಕಂಡಾಗ ಎದ್ದ ಸದ್ದು ಬೇರೆ ಯಾರಿಗೂ ಏಳಲಿಲ್ಲ. 1,406 ಬೇಸ್ ಕದ್ದವರು. 1991ರ ಮೇ 1ರಂದು ಲೂ ಬ್ರಾಕ್ ದಾಖಲೆ ಮುರಿದು ಬೇಸನ್ನೇ ಕಿತ್ತು ತಲೆಯ ಮೇಲೆ ಎತ್ತಿ ಹಿಡಿದಿದ್ದು ಇದೇ ಮೈದಾನದಲ್ಲಿ. ಈಗ ಮೈದಾನಕ್ಕೆ ಅವರದ್ದೇ ಹೆಸರು.

46,889 ಜನ. ನನ್ನ ಪಕ್ಕದಲ್ಲಿ ಅಪರಿಚಿತ ದಂಪತಿ. ಆಯಮ್ಮ ಮೊದಲ ಇನಿಂಗ್ಸ್‌ನಿಂದಲೇ ಅಳುತ್ತಿದ್ದರು. ಅವರ ಗಂಡ ಸ್ಕೋರ್ ಬರೆಯುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ತಡೆಯಲಿಲ್ಲ. ರೈಟ್ ಫೀಲ್ಡ್ ಬೆಂಚುಗಳಲ್ಲಿ ಡ್ರಮ್ ನಿಲ್ಲಲೇ ಇಲ್ಲ. ಮಾಲೀಕರ ವಿರುದ್ಧ ಕೂಗು ಆಗಾಗ ಎದ್ದು ಇಳಿಯುತ್ತಿತ್ತು. ಕೊನೆಯ ಇನಿಂಗ್ಸ್ ಹತ್ತಿರ ಬಂದಾಗ ಕೆಲವರು ಮೈದಾನಕ್ಕೆ ನುಗ್ಗಿದರು, ಏನೇನೋ ಎಸೆದರು. ಅದು ಬೇಕಿರಲಿಲ್ಲ. ಆದರೆ ಭಯಪಟ್ಟಷ್ಟು ಏನೂ ಆಗಲಿಲ್ಲ.

ಆಟ ಮಾತ್ರ ಚುರುಕಾಗಿತ್ತು. ಜೆ. ಟಿ. ಜಿನ್ ಅನ್ನೋ ಹುಡುಗ ಪಿಚಿಂಗ್ ಶುರು ಮಾಡಿದ. ಏಸ್ 3, ರೇಂಜರ್ಸ್ 2. ಒಂಬತ್ತನೇ ಇನಿಂಗ್ಸ್‌ಗೆ ಮೇಸನ್ ಮಿಲ್ಲರ್ ಬಂದ. ಗಂಟೆಗೆ 100 ಮೈಲಿ ದಾಟಿಸಿ ಎಸೆಯುವವನು. ಕೊನೆಯ ಚೆಂಡು ಥರ್ಡ್ ಬೇಸ್ ಕಡೆ ಉರುಳಿತು. ಅಲ್ಲಿಂದ ಫಸ್ಟ್ ಬೇಸ್‌ಗೆ ಎಸೆದರು. ಸ್ಕೋರ್‌ಕಾರ್ಡ್‌ನಲ್ಲಿ ಬರೆಯೋದು 5-3, ಅಷ್ಟೇ.

ಯಾರೂ ಹೊರಡಲಿಲ್ಲ. ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು ಧನ್ಯವಾದ ಹೇಳಿದರು. ಅವರೂ ಹಿಂದೆ ಇಲ್ಲಿ ಆಡಿದವರೇ. ಕೊನೆಯದಾಗಿ ಒಂದು ಸಲ 'ಲೆಟ್ಸ್ ಗೋ ಓಕ್ಲೆಂಡ್' ಕೂಗೋಣ ಅಂದರು. ಕೂಗಿದೆವು. ಮೈದಾನದ ಕೆಲಸದವರು ಮಣ್ಣು ತೋಡಿ ಕೊಡುತ್ತಿದ್ದರು. ಲೋಟ, ಚೀಲ, ಟೋಪಿ, ಏನಿದ್ದರೆ ಅದರಲ್ಲಿ ಜನ ತುಂಬಿಸಿಕೊಂಡರು. ನಾನಿದ್ದ ಮೇಲಿನ ಡೆಕ್‌ನಿಂದ ಕೆಳಗಿಳಿಯುವಷ್ಟರಲ್ಲಿ ಅದು ಮುಗಿದಿತ್ತು.

ತುಂಗೆ_ತಟ · ಸೆಪ್ಟೆಂಬರ್ 27, 2024

ನಾವು ಮಂಗಳವಾರ ಹೋಗಿದ್ದೆವು, ಗುರುವಾರ ಮಗಳಿಗೆ ಪರೀಕ್ಷೆ. ಆ ಅಜ್ಜಿ ಸಿಕ್ಕರು. ಮುಂದೇನು ಅಂತ ಕೇಳಿದೆ. ಮೊಮ್ಮಕ್ಕಳು, ತೋಟ ಅಂದರು. ಸ್ಯಾಕ್ರಮೆಂಟೊಗೆ ಬರಲ್ವಾ ಅಂದಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈದರು. ಮಗಳಿಗೆ ಸಿಕ್ಕಾಪಟ್ಟೆ ಖುಷಿ, ಅಜ್ಜಿ ಬೈಯೋದು ಅವಳು ಮೊದಲ ಸಲ ಕೇಳಿದ್ದು.

ಡಬ್ಲಿನ್_ದೋಸೆ · ಸೆಪ್ಟೆಂಬರ್ 27, 2024

ನಾನು ಆಫೀಸಿನಲ್ಲಿ ರೇಡಿಯೋ ಕೇಳಿದೆ. ಹೋಗದೇ ಇದ್ದಿದ್ದಕ್ಕೆ ಬೇಸರ ಇಲ್ಲ. 46,889 ಅನ್ನೋ ಸಂಖ್ಯೆ ನೋಡಿ ಮಾಲೀಕರಿಗೆ ಏನಾದರೂ ಅನಿಸಿರುತ್ತೆ ಅಂತಲೂ ನಾನು ನಂಬಲ್ಲ. ಆದರೆ @ಬೆಣ್ಣೆನಗರಿ, ನೀವು ಬರೆದಿದ್ದನ್ನು ಎರಡು ಸಲ ಓದಿದೆ.

ಚಿಕಾಗೋ_ಚಳಿ · ಸೆಪ್ಟೆಂಬರ್ 28, 2024

121 ಆಯಿತು. ಡೆಟ್ರಾಯ್ಟ್ 4, ನಾವು 1. ಅದೇ ಗೆಲುವಿನಿಂದ ಟೈಗರ್ಸ್ 2014ರ ನಂತರ ಮೊದಲ ಸಲ ಪ್ಲೇಆಫ್‌ಗೆ ಹೋದರು. ಒಂದೇ ಮೈದಾನ, ಒಂದೇ ಔಟ್. ಅವರು ಶಾಂಪೇನ್ ಚಿಮ್ಮಿಸುತ್ತಿದ್ದರು, ನಮ್ಮವರು ಇತಿಹಾಸದ ಪುಸ್ತಕ ಸೇರಿದರು. ಏಸ್ ಕೂಡ ಕೆಟ್ಟ ತಂಡ ಅಂತ ದಯವಿಟ್ಟು ನನ್ನ ಹತ್ತಿರ ಹೇಳಬೇಡಿ.

ಪಣಂಬೂರು_ಪೋರ · ಡಿಸೆಂಬರ್ 22, 2024

ರಿಕಿ ಹೆಂಡರ್ಸನ್ ಹೋಗಿಬಿಟ್ಟರು. ಡಿಸೆಂಬರ್ 20ಕ್ಕೆ. 65 ವರ್ಷ. ಮೂರು ತಿಂಗಳ ಹಿಂದೆ ನೀವು ನೋಡಿದ್ದಿರಿ ಅಲ್ವಾ ಸರ್?

ಬೆಣ್ಣೆನಗರಿ · ಡಿಸೆಂಬರ್ 22, 2024

ಹೌದು. ನಗುತ್ತಾ ನಿಂತಿದ್ದರು.

ಅರಸೀಕೆರೆ_ಜಂಕ್ಷನ್ · ಜೂನ್ 13, 2025

ಹಳೆಯ ಚರ್ಚೆ ಎಬ್ಬಿಸುತ್ತಿದ್ದೇನೆ, ಬೈಯಬೇಡಿ. ಹೋದ ಸೆಪ್ಟೆಂಬರ್‌ನಲ್ಲಿ ನನಗೆ ಬರಲು ಆಗಲಿಲ್ಲ. ನಿನ್ನೆ ರಾತ್ರಿ ಅದೇ ಕೊಲಿಸಿಯಂಗೆ ಹೋಗಿದ್ದೆ, ಕ್ರಿಕೆಟ್ ನೋಡಲು! ಮೇಜರ್ ಲೀಗ್ ಕ್ರಿಕೆಟ್‌ನ ಈ ಸೀಸನ್‌ನ ಮೊದಲ ಮ್ಯಾಚ್. ಸ್ಯಾನ್ ಫ್ರಾನ್ಸಿಸ್ಕೊ ಯೂನಿಕಾರ್ನ್ಸ್ ಪರ ಫಿನ್ ಅಲೆನ್ 51 ಬಾಲಿಗೆ 151. ಹತ್ತೊಂಬತ್ತು ಸಿಕ್ಸರ್, ಟಿ20ಯಲ್ಲಿ ವಿಶ್ವದಾಖಲೆ. ವಾಷಿಂಗ್ಟನ್ ಫ್ರೀಡಂ 123 ರನ್‌ನಿಂದ ಸೋತಿತು. ಸೇತುವೆ ಮೇಲೆ ಹಾಟ್ ಡಾಗ್ ಮಾರುವವರು ಇದ್ದರು, ನೀವು ಹೇಳಿದ ಹಾಗೆಯೇ.

ಡಬ್ಲಿನ್_ದೋಸೆ · ಜೂನ್ 13, 2025

ನಾನೂ ಅಲ್ಲೇ ಇದ್ದೆ! ಆ ಕಟ್ಟಡದಲ್ಲಿ ಯಾರೋ ಕನ್ನಡದಲ್ಲಿ ಕೂಗಿದ್ದು ಕೇಳಿಸಿತು, ನೀವೇನಾ? ಮೈದಾನ ಕ್ರಿಕೆಟ್‌ಗೆ ಅಂತ ಕಟ್ಟಿದ್ದಲ್ಲ, ಬೌಂಡರಿ ಚಿಕ್ಕದಾಗಿತ್ತು ಅಂತ ಗೊಣಗುವವರು ಗೊಣಗಲಿ. ಕೆಲವು ಸಿಕ್ಸರ್ ಎಲ್ಲಿ ಆಡಿದ್ದರೂ ಸಿಕ್ಸರೇ.

ಬೆಣ್ಣೆನಗರಿ · ಜೂನ್ 14, 2025

ಟಿವಿಯಲ್ಲಿ ನೋಡಿದೆ. ಖುಷಿಯೂ ಆಯಿತು, ಹೊಟ್ಟೆಗೆ ಒಂಥರಾ ಸಂಕಟವೂ ಆಯಿತು. ಪಿಚರ್ ದಿಬ್ಬ ಇದ್ದ ಜಾಗ ಹುಡುಕುತ್ತಿದ್ದೆ, ಗುರುತು ಸಿಗಲಿಲ್ಲ.

ತುಂಗೆ_ತಟ · ಸೆಪ್ಟೆಂಬರ್ 9, 2025

ಮತ್ತೆ ಸೆಪ್ಟೆಂಬರ್. ಮಗಳಿಗೆ ಯಾವುದಾದರೂ ಒಂದು ಬೇಸ್‌ಬಾಲ್ ಮ್ಯಾಚ್ ಬೇಕಂತೆ. ಸ್ಯಾನ್ ಫ್ರಾನ್ಸಿಸ್ಕೊದ ಜೈಂಟ್ಸ್ ನಮ್ಮ ಮನೆಯಲ್ಲಿ ನಡೆಯಲ್ಲ. ವೆಸ್ಟ್ ಸ್ಯಾಕ್ರಮೆಂಟೊಗೆ ಯಾರಾದರೂ ಹೋಗಿದ್ದೀರಾ? ಹೇಗಿದೆ?

ಪಣಂಬೂರು_ಪೋರ · ಸೆಪ್ಟೆಂಬರ್ 9, 2025

ನಾನು ಹೋಗಿದ್ದೇನೆ ಅಕ್ಕ. ಸುಮಾರು 14,000 ಜನ ಹಿಡಿಯುವ ಮೈನರ್ ಲೀಗ್ ಮೈದಾನ. ಮಾರ್ಚ್ 31ರ ಮೊದಲ ಮ್ಯಾಚ್‌ನಲ್ಲೇ ಕಬ್ಸ್ ಕೈಯಲ್ಲಿ 18-3ರಲ್ಲಿ ಹೊಡೆಸಿಕೊಂಡರು. ತಂಡದ ಹೆಸರಲ್ಲಿ ಊರೇ ಇಲ್ಲ, ಬರೀ ಅಥ್ಲೆಟಿಕ್ಸ್. ಆದರೆ ಹುಡುಗರು ಚೆನ್ನಾಗಿ ಆಡುತ್ತಾರೆ. ನಿಕ್ ಕರ್ಟ್ಜ್ ಜುಲೈನಲ್ಲಿ ಹ್ಯೂಸ್ಟನ್‌ನಲ್ಲಿ ಒಂದೇ ಮ್ಯಾಚ್‌ಗೆ ನಾಲ್ಕು ಹೋಮ್‌ರನ್ ಹೊಡೆದ. ಓಕ್ಲೆಂಡ್‌ನಿಂದ ಕ್ಯಾಪಿಟಲ್ ಕಾರಿಡಾರ್ ರೈಲು ಹಿಡಿದು ಸ್ಯಾಕ್ರಮೆಂಟೊದಲ್ಲಿ ಇಳಿದು ಟವರ್ ಬ್ರಿಜ್ ಮೇಲೆ ನಡೆದರೆ ಸಾಕು. ಬಿಸಿಲು ಮಾತ್ರ ನಮ್ಮ ಕರಾವಳಿಯವರಿಗೂ ಜಾಸ್ತಿ.

ಡಬ್ಲಿನ್_ದೋಸೆ · ಸೆಪ್ಟೆಂಬರ್ 9, 2025

ಅಷ್ಟು ದೂರ ಯಾಕೆ ಮೇಡಂ? ವೆಸ್ಟ್ ಓಕ್ಲೆಂಡ್‌ನ ರೈಮಂಡಿ ಪಾರ್ಕ್‌ನಲ್ಲಿ ಬಾಲರ್ಸ್ ಆಡುತ್ತಾರೆ. ಪಯನಿಯರ್ ಲೀಗ್, ಸಣ್ಣ ಮೈದಾನ. ಊರಿನವರೇ ಕಟ್ಟಿದ ತಂಡ. ಕೊಲಿಸಿಯಂನ ಡ್ರಮ್ ಬಾರಿಸುವವರಲ್ಲಿ ಕೆಲವರು ಅಲ್ಲಿಗೆ ಬರುತ್ತಾರೆ. ಅವರ ಸೀಸನ್ನೂ ಮುಗಿಯುತ್ತಾ ಬಂತು, ಪ್ಲೇಆಫ್ ಇದೆ. ಯಾವ ದಿನ ಅಂತ ನೋಡಿ ಹೇಳಿ, ನಾನು ಟಿಕೆಟ್ ತೆಗೆಯುತ್ತೇನೆ. @ಬೆಣ್ಣೆನಗರಿ ಸರ್, ನಿಮಗೂ ಸೇರಿಸಿ ತೆಗೆಯಲಾ?

ಬೆಣ್ಣೆನಗರಿ · ಸೆಪ್ಟೆಂಬರ್ 10, 2025

ಎರಡು ತೆಗೆಯಿರಿ. ಮನೆಯವರೂ ಬರುತ್ತಾರಂತೆ.